ಕೊಳಗ ಒಂದಾಗದೆ ಕೂಡಿಕೆ ಇಲ್ಲ



ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸು ಎಂದರೆ ಐದನೇ ಎರಡು ಎಂದು ಬರೆಯುವ ಮಕ್ಕಳು ಯಾವ ಊರಿನ ಶಾಲೆಯಲ್ಲಾದರೂ ಸಿಗುತ್ತಾರೆ. ಮೇಲಿನ ಒಂದಕ್ಕೆ ಒಂದು ಸೇರಿಸಿದರೆ ಎರಡು, ಕೆಳಗಿನ ಎರಡಕ್ಕೆ ಮೂರು ಸೇರಿಸಿದರೆ ಐದು. ಮಗುವಿನ ದೃಷ್ಟಿಯಿಂದ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಮೇಷ್ಟರು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, 'ಛೇದ ಸಮ ಮಾಡು' ಎಂದು ಬರೆಯುತ್ತಾರೆ. ಮಗು ಛೇದ ಸಮ ಮಾಡುವುದನ್ನು ಕಲಿಯುತ್ತದೆ. ಏಕೆ ಸಮ ಮಾಡಬೇಕು ಎಂಬ ಪ್ರಶ್ನೆ ಮಾತ್ರ ಬಹಳ ಮಂದಿಯ ಬದುಕಿನಲ್ಲಿ ಕೊನೆಯವರೆಗೂ ಹಾಗೆಯೇ ಉಳಿದುಬಿಡುತ್ತದೆ.

ಆ ಉತ್ತರ ತಪ್ಪೆಂದು ತಿಳಿಯಲು ಸೂತ್ರವೇ ಬೇಕಾಗಿಲ್ಲ. ಐದನೇ ಎರಡು ಎಂದರೆ ಅರ್ಧಕ್ಕಿಂತ ಕಡಿಮೆ. ಕೈಯಲ್ಲಿದ್ದ ಅರ್ಧಕ್ಕೆ ಇನ್ನಷ್ಟು ಸೇರಿದ ಮೇಲೆ ಇದ್ದದ್ದೂ ಕಡಿಮೆಯಾಯಿತು ಎಂದರೆ ಎಲ್ಲೋ ಅಳತೆ ತಪ್ಪಿದೆ ಎಂದೇ ಅರ್ಥ. ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಸಾಗರ, ಹೊಸನಗರ, ತೀರ್ಥಹಳ್ಳಿಯ ಸೀಮೆಗಿಂತ ಚೆನ್ನಾಗಿ ಬಲ್ಲ ಸೀಮೆ ಕರ್ನಾಟಕದಲ್ಲಿ ಇನ್ನೊಂದಿರಲಾರದು. ಇಲ್ಲಿ ಒಂದು ಕೊಳಗದ ಗಾತ್ರದ ಮೇಲೆ ಒಂದು ಚಳವಳಿಯೇ ನಡೆದಿದೆ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಆರಂಭವಾದ ಸತ್ಯಾಗ್ರಹದ ಬಗ್ಗೆ ಹಲವರು ಕೇಳಿಯೇ ಇರುತ್ತೀರಿ. ಗೇಣಿಗೆ ಗದ್ದೆ ಮಾಡುತ್ತಿದ್ದ ದೀವರ ಸಮುದಾಯದ ರೈತರು ಎಚ್. ಗಣಪತಿಯಪ್ಪನವರ ನೇತೃತ್ವದಲ್ಲಿ ಸಂಘಟಿತರಾದರು. ಬಿಟ್ಟಿ ಚಾಕರಿ, ಅವಮಾನ ಇವೆಲ್ಲ ದೂರಿನ ಪಟ್ಟಿಯಲ್ಲಿದ್ದವು. ಆದರೆ ಕಿಡಿ ಹೊತ್ತಿದ್ದು ಗೇಣಿ ಭತ್ತ ಅಳೆಯುವ ಕೊಳಗದ ಮೇಲೆ. ರೂಢಿಯ ಕೊಳಗಕ್ಕಿಂತ ದೊಡ್ಡದಾದ ಕೊಳಗದಲ್ಲಿ ಗೇಣಿ ಅಳೆಯುತ್ತಾರೆ ಎಂಬುದು ಒಕ್ಕಲುಗಳ ದೂರು. ಒಡೆಯರು ಗದ್ದೆ ಬಿಡಿಸಿಕೊಂಡರು. ರೈತರು ಅದೇ ಗದ್ದೆಗೆ ಇಳಿದು ಉತ್ತು ಸೆರೆಮನೆಗೆ ಹೋದರು. ಶಾಂತವೇರಿ ಗೋಪಾಲಗೌಡರು, ಸಮಾಜವಾದಿ ಪಕ್ಷದವರು ಜೊತೆಯಾದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಸಾಗರಕ್ಕೆ ಬಂದು ಬಂಧನಕ್ಕೊಳಗಾದರು. 1974ರಲ್ಲಿ 'ಉಳುವವನೇ ಹೊಲದೊಡೆಯ' ಎಂದು ಜಾರಿಗೆ ಬಂದ ಭೂಸುಧಾರಣೆಯ ಹಿಂದೆ ಕಾಗೋಡಿನ ನೆನಪು ಇದ್ದೇ ಇತ್ತು.

ಇದಕ್ಕೂ ಭಿನ್ನರಾಶಿಗೂ ಏನು ಸಂಬಂಧ? ಸಂಬಂಧ ನೇರವಾಗಿಯೇ ಇದೆ. ಉದಾಹರಣೆಗೆಂದು ಒಂದು ಲೆಕ್ಕ ಇಟ್ಟುಕೊಳ್ಳಿ. ಗೇಣಿ ಒಂದು ಖಂಡುಗ, ಅಂದರೆ 20 ಕೊಳಗ. ಕೊಳಗಕ್ಕೆ 3 ಸೇರು ಹಿಡಿಯುವುದಾದರೆ 60 ಸೇರು. ಅದೇ ಕೊಳಗ ಮೂರೂವರೆ ಸೇರು ಹಿಡಿದರೆ 70 ಸೇರು. ಕಣದಲ್ಲಿ ನಿಂತವನು ಎಣಿಸುವುದು ಎರಡು ಸಲವೂ 'ಒಂದು, ಎರಡು' ಎಂದು ಇಪ್ಪತ್ತರವರೆಗೇ. ಎಣಿಕೆಯಲ್ಲಿ ಮೋಸವಿಲ್ಲ. ಆದರೂ 10 ಸೇರು, ಎಂದರೆ ಕೊಡಬೇಕಾದದ್ದರ ಆರನೇ ಒಂದು ಭಾಗ, ಹೆಚ್ಚಿಗೆ ಹೋಯಿತು. ಎಣಿಕೆ ಸರಿಯಿದ್ದೂ ಲೆಕ್ಕ ತಪ್ಪಾಗಬಹುದು ಎಂದರೆ ಇದೇ.

ಭಿನ್ನರಾಶಿಯಲ್ಲಿ ಮೇಲಿನ ಅಂಕಿ ಅಂಶ, ಅದು ಎಣಿಕೆ. ಕೆಳಗಿನ ಅಂಕಿ ಛೇದ. ಅದು ಕೊಳಗದ ಗಾತ್ರ. ಮೂರನೇ ಎರಡು ಎಂದರೆ, ಒಂದನ್ನು ಮೂರು ಸಮಪಾಲು ಮಾಡಿದಾಗ ಬರುವ ಅಳತೆಯಲ್ಲಿ ಎರಡು ಸಲ ಅಳೆದದ್ದು. ಛೇದ ದೊಡ್ಡದಾದಷ್ಟೂ ಕೊಳಗ ಸಣ್ಣದು, ಇದೊಂದೇ ಇಲ್ಲಿ ಸ್ವಲ್ಪ ತಲೆಕೆಳಗು. ಎಂಟನೇ ಮೂರಕ್ಕೆ ಎಂಟನೇ ಒಂದನ್ನು ಕೂಡಿಸುವಾಗ ಕೊಳಗ ಒಂದೇ ಆದ್ದರಿಂದ ಎಣಿಕೆಯನ್ನು ಕೂಡಿಸಿದರೆ ಸಾಕು: ಎಂಟನೇ ನಾಲ್ಕು, ಎಂದರೆ ಅರ್ಧ. ಎಂಟು ಎಂಟು ಸೇರಿ ಹದಿನಾರು ಆಗುವುದಿಲ್ಲ, ಏಕೆಂದರೆ ಎರಡು ಸಲ ಅಳೆದ ಮಾತ್ರಕ್ಕೆ ಕೊಳಗದ ಗಾತ್ರ ಬದಲಾಗದು. ಆದರೆ ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸುವುದು ದೊಡ್ಡ ಕೊಳಗದ ಒಂದು ಅಳತೆಗೂ ಸಣ್ಣ ಕೊಳಗದ ಒಂದು ಅಳತೆಗೂ 'ಎರಡು ಕೊಳಗ' ಎಂದು ಒಟ್ಟು ಹಾಕಿದಂತೆ. ಮೊದಲು ಎರಡನ್ನೂ ಒಂದೇ ಕೊಳಗದಲ್ಲಿ ಅಳೆಯಬೇಕು. ಆರನೇ ಒಂದರ ಅಳತೆಯಲ್ಲಿ ಅರ್ಧ ಎಂದರೆ ಮೂರು, ಮೂರನೇ ಒಂದು ಎಂದರೆ ಎರಡು. ಒಟ್ಟು ಆರನೇ ಐದು. ಛೇದ ಸಮ ಮಾಡುವುದು ಎಂದರೆ ಇಷ್ಟೇ.

ಹಿಂದಿನವರಿಗೆ ಈ ತೊಡಕು ದಿನಬಳಕೆಯಲ್ಲಿ ಹೆಚ್ಚಾಗಿ ಬರದಂತೆ ಅಳತೆಗಳೇ ಏರ್ಪಾಡಾಗಿದ್ದವು. ಸೇರು, ಅದರ ಅರ್ಧ ಅಚ್ಚೇರು, ಅದರ ಅರ್ಧ ಪಾವು, ಅದರ ಅರ್ಧ ಅರೆಪಾವು, ಅದರ ಅರ್ಧ ಚಟಾಕು. ಅರೆ, ಕಾಲು, ಅರೆಕಾಲು, ವೀಸ ಎಂಬ ಮಾತುಗಳೂ ಅದೇ ಸಾಲಿನವು: ಎರಡನೇ, ನಾಲ್ಕನೇ, ಎಂಟನೇ, ಹದಿನಾರನೇ ಒಂದು. ಹಣದ ಕಾಲು ಭಾಗ ಹಾಗ, ಹದಿನಾರನೇ ಭಾಗ ವೀಸ. ಹಳೆಯ ಶಾಸನಗಳ ದತ್ತಿಗಳಲ್ಲಿ ಈ ಹೆಸರುಗಳು ಬರುತ್ತವೆ. ರೂಪಾಯಿಗೆ 16 ಆಣೆ ಇದ್ದದ್ದೂ ಇದೇ ಲೆಕ್ಕಕ್ಕೆ ಹೊಂದುತ್ತದೆ. ಎಲ್ಲವೂ ಎರಡೆರಡು ಪಾಲಾಗುತ್ತ ಹೋಗುವುದರಿಂದ ಎಷ್ಟು ಭಿನ್ನರಾಶಿಗಳಿದ್ದರೂ ಹದಿನಾರು ಎಂಬ ಒಂದೇ ಛೇದ ಸಾಕಾಗುತ್ತಿತ್ತು. ಅರೆ, ಕಾಲು, ಅರೆಕಾಲು, ವೀಸ ನಾಲ್ಕನ್ನೂ ಕೂಡಿಸಿ ಎಂದರೆ ಎಂಟು, ನಾಲ್ಕು, ಎರಡು, ಒಂದು ಸೇರಿ ಹದಿನೈದು ವೀಸ. ಪೂರ್ತಿಗೆ ಒಂದು ವೀಸ ಕಡಿಮೆ.

ಶಾನುಭೋಗರ ಕಡತಗಳಲ್ಲಿ ಇದನ್ನು ಬರೆಯುವ ಕ್ರಮವೂ ಜಾಣತನದ್ದು. ಕಪ್ಪು ಬಳಿದ ಬಟ್ಟೆಯ ಮಡಿಕೆ ಪುಸ್ತಕವೇ ಕಡತ. ಅದರ ಮೇಲೆ ಬಳಪದ ಬರವಣಿಗೆ. ಕಾಲಿಗೆ ಒಂದು ನೆಟ್ಟಗೆರೆ, ಅರೆಗೆ ಎರಡು, ಮುಕ್ಕಾಲಿಗೆ ಮೂರು. ವೀಸಕ್ಕೆ ಒಂದು ಅಡ್ಡಗೆರೆ, ಎರಡು ವೀಸಕ್ಕೆ ಎರಡು, ಮೂರಕ್ಕೆ ಮೂರು. ನಾಲ್ಕು ಅಡ್ಡಗೆರೆ ಸೇರಿದರೆ ಒಂದು ನೆಟ್ಟಗೆರೆ, ನಾಲ್ಕು ನೆಟ್ಟಗೆರೆ ಸೇರಿದರೆ ಒಂದು ಪೂರ್ಣ. ಕೂಡುವುದೆಂದರೆ ಗೆರೆಗಳನ್ನು ಎಣಿಸುವುದು. ಮುಕ್ಕಾಲು ಮೂರು ವೀಸ, ಅರೆ ಎರಡು ವೀಸ, ಕಾಲು ಮೂರು ವೀಸ ಈ ಮೂರನ್ನು ಕೂಡಿಸಬೇಕೆನ್ನಿ. ಅಡ್ಡಗೆರೆಗಳು ಎಂಟು, ಅವು ಎರಡು ನೆಟ್ಟಗೆರೆಗಳಾದವು. ನೆಟ್ಟಗೆರೆಗಳು ಮೊದಲೇ ಆರು ಇದ್ದವು, ಈಗ ಎಂಟು. ಮೊತ್ತ ಸರಿಯಾಗಿ ಎರಡು. ಕಾಲಿನ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲಿನ ಮಗ್ಗಿ, ವೀಸದ ಮಗ್ಗಿಗಳನ್ನು ಬಾಯಿಪಾಠ ಮಾಡಿದವರಿಗೆ ಇಂಥ ಲೆಕ್ಕಕ್ಕೆ ಬಳಪವೂ ಬೇಕಿರಲಿಲ್ಲ.

ಈ ಏರ್ಪಾಡಿಗೆ ಸರಿಹೊಂದದೆ ನಿಲ್ಲುವ ಒಂದು ಪಾಲು ಇತ್ತು. ಅದು ಮೂರನೇ ಒಂದು. ಅರ್ಧದ ಅರ್ಧ ಮಾಡುತ್ತ ಎಷ್ಟು ದೂರ ಹೋದರೂ ಮೂರನೇ ಒಂದು ಸಿಗುವುದಿಲ್ಲ. ವಿಚಿತ್ರವೆಂದರೆ ಈ ಸೀಮೆಯ ರೈತನ ಹಣೆಬರಹ ಬರೆದ ಪಾಲು ಅದೇ.

ಕೆಳದಿ, ಇಕ್ಕೇರಿಗಳ ನಂತರ ಕೆಳದಿ ಅರಸರ ರಾಜಧಾನಿಯಾದದ್ದು ಬಿದನೂರು. 1763ರಲ್ಲಿ ಹೈದರಾಲಿಯ ವಶವಾದ ಮೇಲೆ ಹೈದರನಗರವಾಗಿ, ಈಗ ಬರೀ ನಗರ ಎನಿಸಿಕೊಂಡಿರುವ ಊರು. ಅಲ್ಲಿಂದ 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ ಹೆಸರಿನ ಹಿಂದೆ 'ಶಿಸ್ತು' ಎಂಬ ಮಾತು ಅಂಟಿಕೊಂಡಿದೆ. ಶಿಸ್ತು ಎಂದರೆ ಇಲ್ಲಿ ನಡವಳಿಕೆಯ ಶಿಸ್ತಲ್ಲ, ನಿಗದಿಯಾದ ಭೂಕಂದಾಯ. ಭೂಮಿಯನ್ನು ಗುಣಕ್ಕೆ ತಕ್ಕಂತೆ ಐದು ತರಗತಿ ಮಾಡಿ, ಪ್ರತಿ ತರಗತಿಯಲ್ಲೂ 12 ವರ್ಷ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗುಲಿದ ಖರ್ಚು, ಬಂದ ಫಸಲುಗಳ ಲೆಕ್ಕ ಇರಿಸಿ, ಸರಾಸರಿ ತೆಗೆದು, ಉತ್ಪತ್ತಿಯ ಮೂರನೇ ಒಂದು ಪಾಲನ್ನು ಅರಮನೆಯ ಪಾಲೆಂದು ನಿಗದಿ ಮಾಡಿದ ಎಂಬುದು ನಡೆದುಬಂದ ವಿವರಣೆ. ಒಳ್ಳೆಯ ವರ್ಷ, ಕೆಟ್ಟ ವರ್ಷ ಎರಡನ್ನೂ ಲೆಕ್ಕಕ್ಕೆ ಹಿಡಿದ ಈ ಕ್ರಮವನ್ನು ಮುಂದಿನವರು ಮೆಚ್ಚಿ ಹೊಗಳಿದ್ದು ಸುಮ್ಮನೆ ಅಲ್ಲ. ಕೊಡಬೇಕಾದದ್ದು ಎಷ್ಟು ಎಂಬುದು ರೈತನಿಗೆ ಮೊದಲೇ ಗೊತ್ತಿರುತ್ತಿತ್ತು. ಮುಂದೆ ಬಂದ ಆಳ್ವಿಕೆಗಳಲ್ಲಿ ಮೂಲ ಶಿಸ್ತಿನ ಮೇಲೆ ಬೇರೆ ಬೇರೆ ಪಟ್ಟಿಗಳು ಸೇರುತ್ತ ಹೋದವು. ಅಲ್ಲಿಗೆ ಹಲವು ಭಿನ್ನರಾಶಿಗಳನ್ನು ಕೂಡಿಸುವ ಲೆಕ್ಕ ರೈತನ ಮನೆ ಬಾಗಿಲಿಗೇ ಬಂತು.

1801ರಲ್ಲಿ ಈ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ತಾನು ಕಂಡ ಊರುಗಳ ಅಳತೆ, ತೂಕ, ನಾಣ್ಯಗಳನ್ನು ಒಂದೊಂದಾಗಿ ಬರೆದುಕೊಂಡ. ಮೂರು ಸಂಪುಟಗಳಲ್ಲಿ 1807ರಲ್ಲಿ ಅಚ್ಚಾದ ಆ ಪ್ರವಾಸ ಕಥನವನ್ನು ಓದಿದರೆ ಒಂದು ಊರಿನ ಅಳತೆ ಇನ್ನೊಂದು ಊರಿನ ಅಳತೆಯಲ್ಲ ಎಂಬುದು ಮತ್ತೆ ಮತ್ತೆ ಕಾಣುತ್ತದೆ. ಇಂಥ ಕಡೆ ಪಾಲು ಕೂಡಿಸಬಲ್ಲ ಶಾನುಭೋಗನ ಕೈಯಲ್ಲಿ ಅಧಿಕಾರವಿತ್ತು. ಕೂಡಿಸಲು ಬಾರದವನು ಹೇಳಿದ್ದನ್ನು ಒಪ್ಪಬೇಕಿತ್ತು.

ಒಂದು ಕಾಲ್ಪನಿಕ ಕಣವನ್ನೇ ತೆಗೆದುಕೊಳ್ಳಿ. ಫಸಲಿನ ಮೂರನೇ ಒಂದು ಕಂದಾಯಕ್ಕೆ, ನಾಲ್ಕನೇ ಒಂದು ಕೂಲಿಗೆ, ಆರನೇ ಒಂದು ಬೀಜ ಗೊಬ್ಬರಕ್ಕೆ, ಎಂಟನೇ ಒಂದು ಸಾಲಕ್ಕೆ. ಮನೆಗೆ ಉಳಿಯುವುದೆಷ್ಟು? ಶಾಲೆಯ ಮಗುವಿನ ಹಾಗೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿದರೆ 4/21 ಬರುತ್ತದೆ. ಹೋದದ್ದು ಐದನೇ ಒಂದಕ್ಕಿಂತಲೂ ಕಡಿಮೆ ಎಂದು ಆ ಉತ್ತರ ಸಮಾಧಾನ ಹೇಳುತ್ತದೆ. ಕಂದಾಯವೊಂದೇ ಅದಕ್ಕಿಂತ ಹೆಚ್ಚು!

ಸರಿಯಾದ ದಾರಿ ಎರಡು. ಮೊದಲನೆಯದು ನಾಲ್ಕೂ ಛೇದಗಳನ್ನು ಒಂದಕ್ಕೊಂದು ಗುಣಿಸುವುದು: 3, 4, 6, 8 ಗುಣಿಸಿದರೆ 576. ಕಂದಾಯ 192, ಕೂಲಿ 144, ಬೀಜ ಗೊಬ್ಬರ 96, ಸಾಲ 72, ಒಟ್ಟು 504. ಉತ್ತರ 504/576. ತಪ್ಪಿಲ್ಲ, ಆದರೆ ಭತ್ತದ ರಾಶಿಯನ್ನು 576 ಪಾಲು ಮಾಡಿಕೊಂಡು ಕೂರುವವರು ಯಾರು? ಅಷ್ಟು ಸಣ್ಣ ಕೊಳಗದ ಅಗತ್ಯವೇ ಇಲ್ಲ. ನಾಲ್ಕೂ ಪಾಲುಗಳನ್ನು ಒಡಕಿಲ್ಲದೆ ಅಳೆಯಬಲ್ಲ, ಸಾಧ್ಯವಾದಷ್ಟು ದೊಡ್ಡ ಕೊಳಗ ಯಾವುದು ಎಂದು ಹುಡುಕುವುದು ಎರಡನೆಯ ದಾರಿ. ಶಾಲೆಯಲ್ಲಿ ಅದರ ಹೆಸರು ಲಘುತಮ ಸಾಮಾನ್ಯ ಅಪವರ್ತ್ಯ, ಚಿಕ್ಕದಾಗಿ ಲ.ಸಾ.ಅ.

ಈ ಎರಡನೆಯ ದಾರಿಯನ್ನು ಸೂತ್ರವಾಗಿ ಹೇಳಿಕೊಟ್ಟವನು ಕನ್ನಡ ನಾಡಿನವನೇ ಎಂಬುದು ಪಠ್ಯಪುಸ್ತಕ ಓದಿದ ಎಷ್ಟೋ ಮಂದಿಗೆ ತಿಳಿಯದ ಸಂಗತಿ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಜೈನ ವಿದ್ವಾಂಸ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಎಂಬ ಗ್ರಂಥ ರಚಿಸಿದ. ಭಾಷೆ ಸಂಸ್ಕೃತ. ಅದರಲ್ಲಿ ಭಿನ್ನರಾಶಿಗಳಿಗೇ ಒಂದು ಇಡೀ ಅಧ್ಯಾಯವಿದೆ, ಹೆಸರು 'ಕಲಾಸವರ್ಣ'. ಕಲಾ ಎಂದರೆ ಭಾಗ, ಚಂದ್ರನ ಹದಿನಾರನೇ ಒಂದು ಪಾಲಿಗೂ ಅದೇ ಹೆಸರು. ಸವರ್ಣ ಎಂದರೆ ಒಂದೇ ಬಣ್ಣದ್ದು, ಒಂದೇ ಜಾತಿಯದು. ಭಾಗಗಳನ್ನು ಒಂದೇ ಜಾತಿಗೆ ತರುವುದು ಎಂಬ ಅರ್ಥ ಹೆಸರಿನಲ್ಲೇ ಇದೆ. 628ರಲ್ಲಿ ಬ್ರಹ್ಮಗುಪ್ತ ಹೇಳಿದ್ದ ಛೇದಗಳನ್ನು ಪರಸ್ಪರ ಗುಣಿಸುವ ಕ್ರಮಕ್ಕಿಂತ ಇಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದೆ. ಛೇದಗಳ ಸಮಾನ ಅಪವರ್ತನಗಳನ್ನು ತೆಗೆದು, ಅವನ್ನೂ ಉಳಿದ ಲಬ್ಧಗಳನ್ನೂ ಗುಣಿಸಿದರೆ ಬರುವುದು 'ನಿರುದ್ಧ' ಎನ್ನುತ್ತಾನೆ ಮಹಾವೀರ. ನಿರುದ್ಧವನ್ನು ಆಯಾ ಛೇದದಿಂದ ಭಾಗಿಸಿ, ಬಂದದ್ದರಿಂದ ಅಂಶವನ್ನೂ ಛೇದವನ್ನೂ ಗುಣಿಸಿದರೆ ಎಲ್ಲ ಛೇದಗಳೂ ಸಮವಾಗುತ್ತವೆ.

ಕಣದ ಲೆಕ್ಕಕ್ಕೇ ಇದನ್ನು ಹಚ್ಚಿ ನೋಡಿ. 3, 4, 6, 8 ಎಂದು ಸಾಲಾಗಿ ಬರೆಯಿರಿ. ಎರಡರಿಂದ ಭಾಗವಾಗುವವನ್ನು ಭಾಗಿಸಿದರೆ 3, 2, 3, 4. ಮತ್ತೆ ಎರಡರಿಂದ: 3, 1, 3, 2. ಮೂರರಿಂದ: 1, 1, 1, 2. ಭಾಗಿಸಿದ ಎರಡು, ಎರಡು, ಮೂರು ಮತ್ತು ಕೊನೆಗೆ ಉಳಿದ ಎರಡನ್ನು ಗುಣಿಸಿದರೆ 24. ಇದೇ ನಿರುದ್ಧ. ಪ್ರಾಥಮಿಕ ಶಾಲೆಯ ಪಾಟಿಯ ಮೇಲೆ ಮಕ್ಕಳು ಏಣಿಯಂತೆ ಗೆರೆ ಎಳೆದು ಮಾಡುವ ಲ.ಸಾ.ಅ. ಬೇರೇನೂ ಅಲ್ಲ. ಈಗ ರಾಶಿಯನ್ನು 24 ಪಾಲೆಂದು ತಿಳಿಯಿರಿ. ಕಂದಾಯ 8, ಕೂಲಿ 6, ಬೀಜ ಗೊಬ್ಬರ 4, ಸಾಲ 3. ಒಟ್ಟು 21. ಮನೆಗೆ ಉಳಿದದ್ದು 3, ಅಂದರೆ ಎಂಟನೇ ಒಂದು, ಅರೆಕಾಲು. ಐದರಲ್ಲಿ ನಾಲ್ಕು ಪಾಲು ಉಳಿಯಿತು ಎಂದುಕೊಂಡವನಿಗೂ ಎಂಟರಲ್ಲಿ ಒಂದು ಪಾಲು ಮಾತ್ರ ಉಳಿಯಿತು ಎಂದು ಬಲ್ಲವನಿಗೂ ಮಳೆಗಾಲ ಒಂದೇ ರೀತಿ ಇರುವುದಿಲ್ಲ.

ಹಲವು ಭಿನ್ನರಾಶಿಗಳು ಒಟ್ಟಿಗೆ ಬಂದಾಗ ಇನ್ನೊಂದು ಅನುಕೂಲದ ಕ್ರಮವಿದೆ. ಮೊದಲು ಒಂದೇ ಛೇದದವನ್ನು ಒಂದು ಕಡೆ ಸೇರಿಸಿಕೊಳ್ಳುವುದು. 1/8, 1/6, 3/8, 1/3 ಎಂಬ ನಾಲ್ಕನ್ನು ಕೂಡಿಸಬೇಕೆನ್ನಿ. ಎಂಟರ ಕೊಳಗದ ಎರಡನ್ನು ಮೊದಲು ಕೂಡಿಸಿದರೆ 4/8, ಎಂದರೆ ಅರ್ಧ. ಆರನೇ ಒಂದಕ್ಕೆ ಮೂರನೇ ಒಂದು, ಎಂದರೆ ಆರನೇ ಎರಡು, ಸೇರಿದರೆ ಆರನೇ ಮೂರು, ಅದೂ ಅರ್ಧ. ಒಟ್ಟು ಒಂದು. ನಿರುದ್ಧ 24ನ್ನೇ ಹಿಡಿದು ಮಾಡಿದರೆ 3, 4, 9, 8 ಸೇರಿ 24, ಉತ್ತರ ಅದೇ. ಎರಡು ದಾರಿಯಲ್ಲಿ ಹೋಗಿ ಒಂದೇ ಊರು ಸೇರಿದರೆ ಲೆಕ್ಕ ಸರಿ ಎಂಬ ಧೈರ್ಯ ಬರುತ್ತದೆ.

ಮಹಾವೀರ ಇಷ್ಟಕ್ಕೇ ನಿಲ್ಲಲಿಲ್ಲ. ಅಂಶ ಒಂದೇ ಇರುವ ಹಲವು ಭಿನ್ನರಾಶಿಗಳನ್ನು ಕೂಡಿಸಿ ಸರಿಯಾಗಿ ಒಂದು ಬರುವಂತೆ ಮಾಡುವ ಉಪಾಯವನ್ನೂ ಹೇಳಿದ. ಒಂದು, ಮೂರು, ಒಂಬತ್ತು, ಇಪ್ಪತ್ತೇಳು ಎಂದು ಮೂರು ಮೂರು ಪಟ್ಟು ಬರೆದು, ಮೊದಲನೆಯದನ್ನು ಎರಡರಿಂದಲೂ ಕೊನೆಯದನ್ನು ಮೂರನೇ ಎರಡರಿಂದಲೂ ಗುಣಿಸಿದರೆ ಛೇದಗಳು 2, 3, 9, 18 ಆಗುತ್ತವೆ. 1/2, 1/3, 1/9, 1/18 ಕೂಡಿಸಿ ನೋಡಿ: ಹದಿನೆಂಟರ ಅಳತೆಯಲ್ಲಿ 9, 6, 2, 1, ಮೊತ್ತ 18. ಪ್ರಾಚೀನ ಈಜಿಪ್ಟಿನ ಲೆಕ್ಕಿಗರೂ, ಮೂರನೇ ಎರಡೊಂದನ್ನು ಬಿಟ್ಟರೆ, ಅಂಶ ಒಂದೇ ಇರುವ ಭಿನ್ನರಾಶಿಗಳಲ್ಲೇ ಎಲ್ಲ ಪಾಲುಗಳನ್ನೂ ಬರೆಯುತ್ತಿದ್ದರು.

ಈ ಸಾಲಿನ ಮೊದಲ ಮೂರು ಪಾಲುಗಳು ಹಳ್ಳಿಯ ಕಟ್ಟೆಯ ಮೇಲೂ ಹೇಳುವ ಒಂದು ಕತೆಯಲ್ಲಿ ಬರುತ್ತವೆ. ಮುದುಕನೊಬ್ಬ 17 ಹಸು ಬಿಟ್ಟು ಸತ್ತ. ಹಿರಿಯನಿಗೆ ಅರ್ಧ, ನಡುವಿನವನಿಗೆ ಮೂರನೇ ಒಂದು, ಕಿರಿಯನಿಗೆ ಒಂಬತ್ತನೇ ಒಂದು ಎಂದು ಹೇಳಿಹೋಗಿದ್ದ. ಹಸುವನ್ನು ಕಡಿಯದೆ ಹಂಚುವುದು ಹೇಗೆ? ನೆರೆಮನೆಯವನು ತನ್ನ ಹಸುವೊಂದನ್ನು ತಂದು ಸೇರಿಸಿದ. 18ರಲ್ಲಿ 9, 6, 2 ಹಂಚಿದ ಮೇಲೆ ತನ್ನ ಹಸುವನ್ನು ಹೊಡೆದುಕೊಂಡು ಮನೆಗೆ ಹೋದ. ಕೇಳಿದವರು ಬೆರಗಾಗುತ್ತಾರೆ. ಬೆರಗಿನ ಗುಟ್ಟು ಕೂಡಿಕೆಯಲ್ಲಿದೆ: ಮೂರು ಪಾಲುಗಳೂ ಸೇರಿ ಆಗುವುದು 17/18 ಮಾತ್ರ. ಮುದುಕ ಹದಿನೆಂಟನೇ ಒಂದು ಪಾಲನ್ನು ಯಾರಿಗೂ ಕೊಡದೆ ಬಿಟ್ಟಿದ್ದ. ಪಾಲು ಹಂಚುವ ಮುನ್ನ ಪಾಲುಗಳನ್ನು ಕೂಡಿಸಿ ನೋಡಬೇಕು ಎಂಬುದೇ ಆ ಕತೆಯ ತಿರುಳು. ಮಲೆನಾಡಿನ ಎಷ್ಟು ಹಿಸ್ಸೆ ಪಂಚಾಯಿತಿಗಳು ಆ ಒಂದು ಕೆಲಸ ಮಾಡದೆ ಮುರಿದುಬಿದ್ದಿಲ್ಲ!

ಗಣಿತಸಾರಸಂಗ್ರಹವನ್ನು ಮದರಾಸಿನಲ್ಲಿ 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಕನ್ನಡ ಅನುವಾದದೊಡನೆ ಡಾ. ಪದ್ಮಾವತಮ್ಮನವರು ಸಿದ್ಧಪಡಿಸಿದ ಆವೃತ್ತಿ 2000ದಲ್ಲಿ ಹೊರಬಂತು. ಅದನ್ನು ಪ್ರಕಟಿಸಿದ್ದು ಹೊಂಬುಜದ ಜೈನ ಮಠದ ಸಿದ್ಧಾಂತಕೀರ್ತಿ ಗ್ರಂಥಮಾಲೆ. ಹೊಂಬುಜ, ಜನರ ಬಾಯಲ್ಲಿ ಹುಂಚ, ಇರುವುದು ಹೊಸನಗರ ತಾಲ್ಲೂಕಿನಲ್ಲೇ. ಶಿಸ್ತಿನ ನಗರಕ್ಕೂ ನಿರುದ್ಧದ ಕನ್ನಡ ಪುಸ್ತಕಕ್ಕೂ ಒಂದೇ ತಾಲ್ಲೂಕು ನೆಲೆಯಾದದ್ದು ಒಂದು ಆಕಸ್ಮಿಕ, ಆದರೆ ಒಪ್ಪುವ ಆಕಸ್ಮಿಕ. ಕನ್ನಡದಲ್ಲೇ ಗಣಿತ ಬರೆದ ರಾಜಾದಿತ್ಯನ 'ವ್ಯವಹಾರಗಣಿತ'ವೂ ಹನ್ನೆರಡನೆಯ ಶತಮಾನದಷ್ಟು ಹಳೆಯದು.

ಹಳೆಯ ನಾಣ್ಯದ ಲೆಕ್ಕದಲ್ಲಿ ಮೂರನೇ ಒಂದಕ್ಕೂ ಜಾಗವಿತ್ತು ಎಂಬುದನ್ನು ಮರೆಯಬಾರದು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಒಟ್ಟು 192 ಪೈ. 192 ಎಂದರೆ 64ರ ಮೂರು ಪಟ್ಟು. ಆದ್ದರಿಂದ ರೂಪಾಯಿಯ ಮೂರನೇ ಒಂದು ಸರಿಯಾಗಿ 5 ಆಣೆ 4 ಪೈ. ಅದಕ್ಕೆ ಕಾಲು ರೂಪಾಯಿ ಸೇರಿಸಿದರೆ 9 ಆಣೆ 4 ಪೈ. ಅದೇ ಹನ್ನೆರಡನೇ ಏಳು. ಒಂದು ಚೂರೂ ಮಿಗುವುದಿಲ್ಲ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ಪೈಸೆಯಾಯಿತು. ನೂರರಲ್ಲಿ ಎರಡು, ನಾಲ್ಕು, ಐದು, ಹತ್ತು ಸಮಪಾಲಾಗುತ್ತವೆ, ಮೂರು ಆಗುವುದಿಲ್ಲ. ಮೂವರು ಒಂದು ರೂಪಾಯಿ ಹಂಚಿಕೊಂಡರೆ ತಲಾ 33 ಪೈಸೆ. ಮಿಕ್ಕ ಒಂದು ಪೈಸೆಗೆ ಒಡೆಯರಿಲ್ಲ. ಹೊಸ ಕ್ರಮದ ಲಾಭ ಅದಕ್ಕಿಂತ ಬಹಳ ದೊಡ್ಡದು, ಅದರಲ್ಲಿ ಅನುಮಾನವಿಲ್ಲ. 1956ರ ಕಾಯ್ದೆಯ ನಂತರ ಹಂತಹಂತವಾಗಿ ಲೀಟರು, ಕಿಲೋ ಬಂದು, ಊರಿಗೊಂದು ಕೊಳಗ ಎಂಬುದು ಹೋಯಿತು. ಕಾಗೋಡಿನ ಒಕ್ಕಲುಗಳು ಕೇಳಿದ ಒಂದೇ ಅಳತೆ ಕೊನೆಗೆ ದೇಶಕ್ಕೆಲ್ಲ ಬಂತು ಎನ್ನಬಹುದು.

ಆದರೆ ಕೊಳಗ ಹೋದ ಮಾತ್ರಕ್ಕೆ ಕೊಳಗದ ಪ್ರಶ್ನೆ ಹೋಗಲಿಲ್ಲ. ಒಬ್ಬ ವ್ಯಾಪಾರಿ ನೂರಕ್ಕೆ ಹತ್ತು ಕಡಿತ ಎನ್ನುತ್ತಾನೆ. ಉಳಿದದ್ದರ ಮೇಲೆ ಮತ್ತೆ ನೂರಕ್ಕೆ ಹತ್ತು ಎನ್ನುತ್ತಾನೆ. ಎರಡೂ ಸೇರಿ ಇಪ್ಪತ್ತು ಎಂದುಕೊಳ್ಳುತ್ತೇವೆ. ನೂರರ ಹತ್ತು ಹತ್ತು. ಉಳಿದ ತೊಂಬತ್ತರ ಹತ್ತನೇ ಒಂದು ಒಂಬತ್ತು. ಒಟ್ಟು ಹತ್ತೊಂಬತ್ತು. ಎರಡನೆಯ ಕೊಳಗ ಮೊದಲನೆಯದಕ್ಕಿಂತ ಸಣ್ಣದಿತ್ತು, ಅಷ್ಟೆ. ಸಾಲದ ಬಡ್ಡಿ, ಅಡಿಕೆಯ ಮಂಡಿಯ ಕಮಿಷನ್ನು, ಆಸ್ತಿಯ ಹಿಸ್ಸೆ, ಪಗಾರದ ಕಡಿತ, ಎಲ್ಲ ಕಡೆ ಇದೇ ಪ್ರಶ್ನೆ ವೇಷ ಬದಲಿಸಿ ಬರುತ್ತದೆ: ಇದು ಯಾವುದರ ಪಾಲು?

ಐದನೇ ಎರಡು ಎಂದು ಬರೆದ ಮಗುವಿಗೆ ಕೆಂಪು ಗೆರೆ ಎಳೆಯುವ ಮೊದಲು ಮೇಷ್ಟರು ಒಂದು ಸೇರು, ಒಂದು ಪಾವು, ಒಂದಷ್ಟು ಅಕ್ಕಿ ತರಿಸಬಹುದು. ಸೇರಿನಲ್ಲಿ ಒಂದು ಸಲ, ಪಾವಿನಲ್ಲಿ ಒಂದು ಸಲ ಅಳೆದು ಹಾಕಿ, 'ಎರಡು ಸೇರಾಯಿತೇ?' ಎಂದು ಕೇಳಬಹುದು. ಆಗಲಿಲ್ಲ ಎಂದು ಮಗುವೇ ಹೇಳುತ್ತದೆ. ಎಲ್ಲವನ್ನೂ ಪಾವಿನಲ್ಲೇ ಅಳೆದರೆ ಐದು ಪಾವು ಎಂದೂ ಅದೇ ಹೇಳುತ್ತದೆ. ಆಮೇಲೆ ಛೇದ, ನಿರುದ್ಧ, ಲ.ಸಾ.ಅ. ಎಂಬ ಮಾತುಗಳನ್ನು ಕಲಿಸಿದರೆ ಅವು ತಲೆಗೆ ಭಾರವಾಗುವುದಿಲ್ಲ. ಮುಂದೆಂದಾದರೂ ಯಾರಾದರೂ ಆ ಮಗುವಿನ ಮುಂದೆ ಪಾಲಿನ ಪಟ್ಟಿ ಹಿಡಿದು ಒಟ್ಟು ಇಷ್ಟು ಎಂದರೆ, ಸಹಿ ಹಾಕುವ ಮುನ್ನ ಅದು ಕೇಳಬೇಕಾದದ್ದೂ ಕಾಗೋಡಿನವರು ಕೇಳಿದ್ದೇ: ಅಳೆದದ್ದು ಯಾವ ಕೊಳಗದಲ್ಲಿ?